ಭಾನುವಾರದೊಳಗೆ ಬಿಳಿಯಾಗಬೇಕಾದ ಕಣ್ಣು

ಕಣ್ಣಾಸ್ಪತ್ರೆಯ ಔಷಧಿ ಕೌಂಟರಿನ ಸಾಲಿನಲ್ಲಿ ನಿವೃತ್ತ ಟೀಚರಮ್ಮನ ಮುಂದೆ ಅತ್ತಿಗೆ, ನಾದಿನಿ ಇಬ್ಬರು ನಿಂತಿದ್ದರು. ನಾದಿನಿಯ ಎರಡೂ ಕಣ್ಣು ಕೆಂಡದಂತಿದ್ದವು.

"ಹಳೇ ಡ್ರಾಪ್ಸೇ ಕೊಡಿ," ಎಂದಳು ಅತ್ತಿಗೆ. "ಎರಡು ದಿನಕ್ಕೆ ಬೆಳ್ಳಗಾಗತ್ತೆ."

"ಅದು ಸ್ಟೀರಾಯ್ಡ್ ಅಮ್ಮ," ಎಂದ ಔಷಧಿ ಕೊಡುವವನು. "ಅದರಿಂದ್ಲೇ ಕಣ್ಣಿನ ಪ್ರೆಷರ್ ಏರಿದೆ, ನಿಲ್ಲಿಸಿ ಅಂತ ಡಾಕ್ಟ್ರು ಬರೆದಿದ್ದಾರೆ. ಈಗ ಬರೆದಿರೋದು ಬೇರೆ. ಕೆಂಪು ಇಳಿಯೋಕೆ ಮೂರು ವಾರ ಬೇಕು."

"ಭಾನುವಾರ ಗಂಡಿನ ಕಡೆಯೋರು ಬರ್ತಾರೆ. ಮೂರು ವಾರ ಕಾಯಿರಿ ಅಂತ ನೀವೇ ಹೇಳ್ತೀರಾ?"

"ಅತ್ತಿಗೆ, ಪಕ್ಕದಿಂದ ಯಾರಾದ್ರೂ ಬಂದ್ರೆ ನಂಗೆ ಈಗ್ಲೇ ಕಾಣ್ಸಲ್ಲ," ಎಂದಳು ನಾದಿನಿ.

"ಎದುರಿಗೆ ಕೂತೋರು ಕಂಡ್ರೆ ಸಾಕು. ಹೋದ ಸಲ ಬಂದೋರು ಏನಂದ್ರು? ಹುಡುಗಿ ಅತ್ತು ಅತ್ತು ಒಪ್ಪಿರೋ ಹಾಗಿದೆ ಅಂದ್ರು."

"ಹೀಗೇ ಹಾಕಿದ್ರೆ ದೃಷ್ಟಿನೇ ಹೋಗಬಹುದಮ್ಮ," ಎಂದ ಔಷಧಿ ಕೊಡುವವನು.

"ಹೋಗೋದಿದ್ರೆ ಮದುವೆ ಆದ್ಮೇಲೆ ಹೋಗ್ಲಿ. ಆಮೇಲೆ ಅದು ಅವರ ಮನೆ ಕಣ್ಣು."

ಅವನು ಆಗದೆಂದು ತಲೆಯಾಡಿಸಿ ಚೀಟಿ ಹಿಂದಿರುಗಿಸಿದ. ಅತ್ತಿಗೆ ಜಗಳವಾಡಲಿಲ್ಲ. ಕಿಟಕಿಯ ಬಳಿ ಸರಿದು, ಕೈಚೀಲದಿಂದ ಅರ್ಧ ಉಳಿದಿದ್ದ ಹಳೆಯ ಬಾಟಲಿ ತೆಗೆದಳು.

"ತಲೆ ಎತ್ತು."

ನಾದಿನಿ ಒಮ್ಮೆ ಕೌಂಟರಿನ ಕಡೆ, ಒಮ್ಮೆ ಟೀಚರಮ್ಮನ ಕಡೆ ನೋಡಿ ತಲೆ ಎತ್ತಿದಳು. "ಬೇಡಮ್ಮ," ಎಂದರು ಟೀಚರಮ್ಮ. ಯಾರೂ ತಿರುಗಲಿಲ್ಲ. ಬಿಸಿಲು ಚುಚ್ಚದಿರಲೆಂದು ಅತ್ತಿಗೆ ಅಂಗೈ ಅಡ್ಡ ಹಿಡಿದಳು. ಒಂದೊಂದು ಹನಿ ಬಿಟ್ಟು, ಕೆನ್ನೆಗಿಳಿದದ್ದನ್ನು ಕರವಸ್ತ್ರದಿಂದ ಮೆಲ್ಲಗೆ ಒರೆಸಿದಳು.

"ಉರಿಯತ್ತಾ?"

"ಇಲ್ಲ."

"ಹಾಗಾದ್ರೆ ಸ್ವಲ್ಪ ನಗು. ಭಾನುವಾರಕ್ಕೆ ಅಭ್ಯಾಸ ಆಗ್ಲಿ," ಎಂದು ಅವಳ ಕೈಹಿಡಿದು ನಡೆಸಿಕೊಂಡು ಹೋದಳು.