ಸೀಟಿಗೆ ಹಾಕಿದ ಟವೆಲ್

...ಕರೆಂಟ್ ಹೋಗಿತ್ತು ಅಂತ ಹೇಳ್ಲಿಕ್ಕೆ ಹತ್ತೀನಲ್ರಿ ಕಾಕೂ! ಕರೆಂಟ್ ಹೋತು, ಟವರ್ ಬಂದ್ ಆತು, ನಿಮಗ ಫೋನ್ ಬರ್ಲಿಲ್ಲ. ಇಷ್ಟ ವಿಷಯ. ಇದರಾಗ ಯಾರ ತಪ್ಪದ? ... ಯಾಕ, ಮಗ್ಗದ ಕಡೆ ಯಾಕ ನೋಡ್ತೀರಿ? ... ಹಾಂ. ಪವರ್‌ಲೂಮ್. ಮುಂಜಾನಿಂದ ಒಂದ ಸಲಾನೂ ನಿಂತಿಲ್ಲ, ಖರೆ. ... ಬಿಡ್ರಿ, ಕರೆಂಟಿನ ಮಾತು ಬಿಡ್ರಿ.

ಕೂಡ್ರಿ ಅಂದ್ರ ಕೂಡವಲ್ರಿ. ಹಿಂಗ ನಿಂತ ಇದ್ರ ನಾ ಹೆಂಗ ಮಾತಾಡ್ಲಿ? ನನಗೇನು ಸಂತೋಷ ಆಗೇದ ಅಂತ ತಿಳದೀರೇನು? ನಿಮ್ಮ ಮಗಳು ಸಪ್ನಾಗ ಬಂದ ಸಂಬಂಧ, ಗುಳೇದಗುಡ್ಡದ ಅಂಥಾ ಚಲೋ ಮನಿ! ಮುಂಜಾನೆ ಫೋನ್ ಮಾಡ್ತೀವಿ, ನೀವು ಹೂಂ ಅಂದ್ರ ಇವತ್ತ ಸಕ್ಕರಿ ಹಾಕಿ ಮಾತು ಗಟ್ಟಿ ಮಾಡ್ಲಿಕ್ಕೆ ಬರ್ತೀವಿ ಅಂದಿದ್ರು. ನೀವು ಫೋನ್ ತೊಡಿ ಮ್ಯಾಲೆ ಇಟ್ಕೊಂಡು ಕೂತ್ರಿ. ಅವರು ಹಚ್ಚಿ ಹಚ್ಚಿ ಸಾಕಾದ್ರು. 'ಚಂದಾದಾರರು ಸಂಪರ್ಕಕ್ಕೆ ಸಿಗುತ್ತಿಲ್ಲ' ಅಂತ ಆ ಹೆಣ್ಣಮಗಳು ಹೇಳೋದು, ಹೆಣ್ಣಿನವರು ಬೇಕಂತ ಫೋನ್ ಬಂದ್ ಮಾಡ್ಯಾರ ಅಂತ ಇವರು ತಿಳ್ಕೊಳ್ಳೋದು! ಮನಸಿಲ್ಲದಿದ್ರ ಬಾಯಿಬಿಟ್ಟು ಹೇಳಬೇಕಿತ್ತು, ಇದೆಂಥಾ ಅಪಮಾನ ಅಂದ್ರಂತ. ನಿಮ್ಮಣ್ಣ ಬಾಬಣ್ಣ ಈಗ ಬಂದು ಹೇಳಿ ಹೋದ್ರಲ್ಲ, ಸಂಜೀಕ ಅಮೀನಗಡದ ಹೆಣ್ಣಿಗೆ ಸಕ್ಕರಿ ಹಾಕ್ಲಿಕ್ಕೆ ಹೊಂಟಾರ ಅಂತ. ಮಂದಿ ಇಷ್ಟು ಅವಸರ ಮಾಡಿದ್ರ ಟವರ್ ಏನು ಮಾಡ್ತದರಿ!

ಹಂಗ ನೋಡಬ್ಯಾಡ್ರಿ. ನಿನ್ನೆ ನೀವು ಹೇಳಿದ್ದು ನಾ ಮರ್ತಿಲ್ಲ. 'ವ್ಯಾಸರಾಜಪ್ಪಾ, ನಮ್ಮ ಮಾಳಗಿ ಮ್ಯಾಲ ಬಾಡಿಗಿ ಇದ್ದೀ, ಟವರ್ ನಿನ್ನ ಕೈಯಾಗ ಐತಿ, ನಾಳೆ ಒಂದಿನ ಲೈನ್ ಚಲೋ ಇಡು' ಅಂದ್ರಿ. ನಾ ನಕ್ಕು, ಚಿಂತಿ ಬಿಡ್ರಿ ಕಾಕು ಅಂದೆ. ಅಂದೆ... ಅಂದದ್ದು ಖರೆ.

ತಿಳಿಸಿ ಹೇಳ್ತೀನಿ, ಕೇಳ್ರಿ. ಸಿಗ್ನಲ್ ಇತ್ತು. ಫೋನಿನ ಮ್ಯಾಲ ಕಡ್ಡಿ ತುಂಬ ಇದ್ವು, ನೀವೂ ನೋಡೀರಿ. ಆದ್ರ ಕಡ್ಡಿ ಬ್ಯಾರೆ, ಜಾಗಾ ಬ್ಯಾರೆ. ಹುನಗುಂದ ಬಸ್ ಇರ್ತದಲ್ರಿ, ಹಂಗ ಟವರಿನಾಗೂ ಸೀಟ್ ಲೆಕ್ಕದ್ದು. ಫೋನಿನಾಗ ಮಾತಾಡೋರೂ ಅದರಾಗ, ಇಂಟರ್ನೆಟ್ಟೂ ಅದರಾಗ. ಪದ್ಧತಿ ಏನಂದ್ರ, ಖಾಲಿ ಇದ್ದಾಗ ಇಂಟರ್ನೆಟ್ ಕೂಡಬಹುದು. ಮಾತಾಡೋರು ಬಂದ್ರ ಎದ್ದು ಜಾಗಾ ಬಿಡಬೇಕು. ಭಾಳ ಶಾಣ್ಯಾ ಪದ್ಧತಿ ಅದು, ಯಾರಿಗೂ ಅನ್ಯಾಯ ಇಲ್ಲ. ಆದ್ರ... ಕಿಡಕಿಯಿಂದ ಟವೆಲ್ ಒಗದು ಸೀಟ್ ಹಿಡೀತಾರಲ್ಲ, ಹಂಗ ಯಾರರೆ ಮಾಡಿದ್ರ?

ಯಾರರೆ ಅಂದ್ರ... ಮಾಡ್ಲಿಕ್ಕೆ ಬರ್ತದ. ಹುಬ್ಬಳ್ಳಿ ಕಂಟ್ರೋಲ್ ರೂಮಿನಾಗ ಸಚಿನ ಅಂತ ನನ್ನ ದೋಸ್ತ ಇದ್ದಾನ. 'ಇಳಕಲ್ಲ ನೇಕಾರ ಓಣಿ ಟವರಿನಾಗ ಇಂಟರ್ನೆಟ್ಟಿನ ಸೀಟು ಯಾರಿಗೂ ಬಿಡಬ್ಯಾಡಲೇ' ಅಂದ್ರ ಅಲ್ಲೇ ಕೂತು ಮಾಡ್ತಾನ. ಮಾಡಿದ. ಉಳದ ಸೀಟು ಓಣಿ ಮಂದೀನ ತುಂಬಿದ್ರು. ಹೊಸಾ ಸಿಮ್, ಮುಂಜಾನಿ ಮಾತು ಫುಕಟ, ಇಳೀತಾರೇನು? ಗುಳೇದಗುಡ್ಡದವರಿಗೆ ನಿಂದ್ರಲಿಕ್ಕೂ ಜಾಗಾ ಸಿಗ್ಲಿಲ್ಲ.

ಹೌದ್ರಿ. ಹೇಳಿದಾಂವ ನಾನ.

ಆದ್ರ ನನ್ನ ಸಲುವಾಗಿ ಅಲ್ಲ! ಲಾಡಸಾಬ ಸಾವಕಾರ್ರು... ಸೀರಿ ಫೋಟೋ ಸೋಲಾಪುರಕ್ಕ ಕಳಸೋದಿತ್ತು ಅವರದು. ಭಾಳ ಗಂಟು ಬಿದ್ರು. ಇಳಕಲ್ಲ ಸೀರಿ ನಾಕು ಹೆಚ್ಚಿಗಿ ಮಾರಿದ್ರ ಓಣಿಗೇ ಚಲೋ ಅಲ್ಲೇನ್ರಿ? ನಿಮಗೂ ಚಲೋ. ಸ್ವಲ್ಪ ಹೊತ್ತು ಅಂದ್ಕೊಂಡಿದ್ದೆ... ತಿರುಗಿ ಬಿಡಸೋದು ತಡಾ ಆತು...

ಬೈರಿ ಕಾಕು. ಮಾರಿಗೆ ಉಗಳ್ರಿ. ಕೈ ಮುಗೀತೀನಿ. ... ಏನು? ಅಂಗಿ ಯಾಕ ನೋಡ್ತೀರಿ?

ಫೋಟೋಕ್ಕ ಹಾಕಿದ ಅಂಗಿ... ತಗದಿಡೋದು ಮರ್ತೆ.

ಸಪ್ನಾನ ಇಸ್ತ್ರಿ ಮಾಡಿ ಕೊಟ್ಲು. ಕ್ಯಾಮೆರಾ ಹಿಡದು, 'ಗದ್ದ ಸ್ವಲ್ಪ ಮ್ಯಾಲ ಮಾಡ್ರಿ, ಸರ್' ಅಂತ ನಕ್ಕಾಕೀನೂ ಆಕೀನ. ... ಲಾಡಸಾಬರದು ಸುಳ್ಳು ಕಾಕು. ಪಾಪ, ಅವರಿಗೆ ಏನೂ ಗೊತ್ತಿಲ್ಲ. ಬದಾಮಿಯಿಂದ ನಮ್ಮವ್ವ ಬೆನ್ನ ಹತ್ತಿದ್ಲು, ಮದುವಿ ಜೋಡಸೋ ವೆಬ್‌ಸೈಟಿನಾಗ ಫೋಟೋ ಹಾಕು ಹಾಕು ಅಂತ. ಹಾಕ್ಲಿಕ್ಕೆ ಕೂತ್ರ ಅರ್ಧಕ್ಕ ಬಂದು ನಿಂದ್ರೋದು. ಓಣ್ಯಾಗ ಯಾರರೆ ಫೋನ್ ಎತ್ತಿದ್ರ ಸಾಕು, ನನ್ನ ಫೋಟೋ ಎದ್ದು ಜಾಗಾ ಬಿಡಬೇಕು. ಸಿಟ್ಟು ಬಂತು. ಟವರ್ ಕಾಯಾಂವ ನಾನು, ನನ್ನ ಫೋಟೋ ಎದ್ದು ನಿಂದ್ರಬೇಕಾ ಅಂತ ಸಿಟ್ಟು... ನಿಮ್ಮ ಫೋನಿನ ನೆನಪು ಇರ್ಲಿಲ್ಲೇನು? ಇತ್ತರಿ. ಇತ್ತು. ಒಂದ ಫೋನ್ ಅಲ್ಲೇನು, ಹೆಂಗರೆ ಬರ್ತದ ಅಂದ್ಕೊಂಡೆ. ಒಂದು ಫೋಟೋ ಹೋತು, ಎರಡನೇದು ಹಾಕ್ದೆ. ಎರಡನೇದರಾಗ ಮಾರಿ ಚಲೋ ಬಂದಿತ್ತು... ಥೂ! ಹೇಳ್ಲಿಕ್ಕೂ ನಾಚಿಕಿ ಆಗ್ತದ. ಮಗ್ಗದ ಹಿಂದ ಆಕಿ ಕೇಳ್ಲಿಕ್ಕೆ ಹತ್ಯಾಳೇನು? ಕೇಳ್ಲಿ.

ಇದೇನ್ರಿ? ಫೋನ್ ಯಾಕ ನನ್ನ ಕೈಯಾಗ ಕೊಡ್ತೀರಿ? ... ಅವರಿಗೆ ಹಚ್ಚೇ ಬಿಟ್ರಿ? ನಾ ಏನಂತ ಹೇಳ್ಲಿ! ಟವರ್ ಕೆಟ್ಟಿತ್ತು ಅಂತ... ಇಲ್ಲ. ಇಲ್ಲ, ತಿಳೀತು, ಹಂಗ ನೋಡಬ್ಯಾಡ್ರಿ. ಕಂಪನಿಗೆ ಗೊತ್ತಾದ್ರ ನನ್ನ ಕೆಲಸಾ... ಹೋಗ್ಲಿ. ರಿಂಗ್ ಆಗ್ಲಿಕ್ಕೆ ಹತ್ತೇದ.

ಹಲೋ... ನಮಸ್ಕಾರ್ರಿ. ಇಳಕಲ್ಲಿಂದ್ರಿ, ರತ್ನವ್ವನವರ ಮನಿಯಿಂದ... ಇಡಬ್ಯಾಡ್ರಿ! ಇಡಬ್ಯಾಡ್ರಿ, ಒಂದ ಮಾತು! ಅವರ ಫೋನ್ ಬಂದ್ ಇರ್ಲಿಲ್ರಿ. ಮುಂಜಾನಿಂದ ನಿಮ್ಮ ಫೋನಿನ ದಾರೀನ ಕಾಯ್ತಿದ್ರು. ನಾ ವ್ಯಾಸರಾಜ ಅಂತ, ಇಲ್ಲಿ ಟವರ್ ನೋಡ್ಕೊಳ್ಳಾಂವ. ನಿಮ್ಮ ಫೋನ್ ತಡದಾಂವ ನಾನ. ... ಹೌದ್ರಿ, ಬೇಕಂತ. ... ಏನ್ರಿ?

ಕಾಕೂ, ಯಾತಕ್ಕ ಅಂತ ಕೇಳ್ಲಿಕ್ಕೆ ಹತ್ಯಾರ...

ಹಲೋ. ಇದ್ದೀನ್ರಿ, ಇದ್ದೀನಿ. ... ನನ್ನ ಮದುವಿ ಸಲುವಾಗಿರಿ.