ದೀಕ್ಷಾನೂ ಆಗ್ಯದ, ಸ್ನಾನನೂ ಆಗ್ಯದ

ಅಲ್ಲ, ನಾನೇನು ಬ್ಯಾಡ ಅಂದಿದ್ನೇನು? ಮರಿಯಮ್ಮನ ಗುಡಿಗೆ ಹೋಗೋದಾದ್ರ ಉಂಡು ಹೋಗೋಣು ಅಂದಿದ್ದೆ, ಅಷ್ಟ. ನಿಮ್ಮಜ್ಜಿ ಒಳಗ ಅಕ್ಕಿ ಹಸನ ಮಾಡಾಕತ್ತಾಳ, ಕಿವಿ ಮಾತ್ರ ಇಲ್ಲೇ ಅದ, ಇರಲಿ. ಎಪ್ಪತ್ತೆಂಟನೇ ಇಸವಿ ಇರಬೇಕು, ಅಲ್ಲಲ್ಲ, ಅದರ ಮುಂದಿಂದು. ನಾನು ಧಾರವಾಡಕ್ಕ ಹೋಗಿ ತತ್ವಶಾಸ್ತ್ರದಾಗ ಎಂ.ಎ. ಮಾಡಿ, ದೇವರಿಲ್ಲ ಅಂತ ಖಾತ್ರಿ ಮಾಡ್ಕೊಂಡು ಬಂದು, ರಾಯಚೂರಾಗ ಹಂಗಾಮಿ ಮಾಸ್ತರಿಕಿ ಮಾಡಾಕತ್ತಿದ್ದೆ. ಮನ್ಯಾಗ ದೇವರಿದ್ದಾನಂತ ಖಾತ್ರಿ ಇದ್ದ ಹೆಂಗಸ್ರು ಇಬ್ಬರು. ಒಬ್ಬಾಕಿ ನಮ್ಮವ್ವ, ದೇವದುರ್ಗದಾಕಿ. ಇನ್ನೊಬ್ಬಾಕಿ ನಿಮ್ಮಜ್ಜಿ, ಕಲ್ಲೂರಾಕಿ. ಓಟು ಹಾಕಿದ್ರ ನಾನು ಸೋಲೋದ.

ಕಷ್ಟ ಅಂದ್ರೇನು ಗೊತ್ತೇನು ನಿಮಗ? ನಿಮ್ಮಜ್ಜಿಗೆ ಎರಡು ಸಲ ಬಸುರು ನಿಂತಿದ್ದು ಉಳೀಲಿಲ್ಲ. ಮೂರನೇದು ಆರು ತಿಂಗಳು ದಾಟಿತ್ತು. ಮನ್ಯಾಗ ಯಾರೂ ಜೋರಾಗಿ ಮಾತಾಡತಿರಲಿಲ್ಲ, ಸದ್ದು ಮಾಡಿದ್ರ ಕೂಸು ಹೆದರಿ ಹೊಂಟುಹೋಗ್ತದೇನೋ ಅನ್ನಂಗ. ಡಾಕ್ಟರಮ್ಮ ಒಂದ ಮಾತು ಹೇಳಿದ್ಲು, ಹೊಟ್ಟಿ ಖಾಲಿ ಬಿಡಬ್ಯಾಡವ್ವಾ ಅಂತ. ನಮ್ಮವ್ವ ತನ್ನ ತವರ ಕಡಿ ಗೂಗಲ್ ಅನ್ನೋ ಊರಿಗೆ ಹೋಗಿ ಅಲ್ಲಮಪ್ರಭುಗ ಹೇಳಿ ಬಂದಳು. ಮಕ್ಕಳು ಮರಿ ಸಂಸಾರ ಯಾವುದೂ ಬ್ಯಾಡ ಅಂದಾತ ಅಲ್ಲಮ, ಆತನ ಮುಂದ ಹೋಗಿ ಮಮ್ಮಗ ಬೇಕು ಅಂತ ನಿಂತಳು. ಆಮ್ಯಾಲ ಮಗ್ಗಲ ಮನಿ ನರ್ಸಮ್ಮ, ಕಿರಿಸ್ತಾನರಾಕಿ, ಭಾಳ ಒಳ್ಳೇಕಿ, ನಿಮ್ಮಜ್ಜಿಗೆ ಅಂದ್ಲು: "ಮಾನ್ವಿ ದಾಟಿದ ಮ್ಯಾಲ ಮರಿಯಮ್ಮನ ಗುಡಿ ಅದ, ಹಬ್ಬಕ್ಕ ಹೋಗಿ ಬರ್ರಿ." ಅಷ್ಟು ಹೇಳಿ ಬಿಟ್ಟಿದ್ರ ಮುಗೀತಿತ್ತು. "ನಾವು ಪರಮಪ್ರಸಾದ ತಗೊಳ್ಳೋತನಕ ಏನೂ ಬಾಯಿಗೆ ಹಾಕಂಗಿಲ್ಲ" ಅಂತ ತಮ್ಮ ಪದ್ಧತಿನೂ ಹೇಳಿದ್ಲು. ನಿಮ್ಮಜ್ಜಿ ಅದನ್ನ ಹರಕಿ ಮಾಡ್ಕೊಂಡ್ಲು. ಆ ಗುಡಿ ಪ್ರಸಾದ ಬಾಯಾಗ ಬೀಳೋತನಕ ಕೂಳಿಲ್ಲ, ನೀರಿಲ್ಲ. ತಪ್ಪಿದ್ರ ಕೂಸು ನಿಲ್ಲಂಗಿಲ್ಲ. ಯಾರು ಹೇಳಿದ್ರು? ಆಕೀನ ಹೇಳಿದ್ಲು, ಆಕೀನ ನಂಬಿದ್ಲು.

ಸರಿ, ಮುಂಜಾನಿ ಮೊದಲ ಬಸ್ಸು. ಬಸ್ಸಂದ್ರ ಅದೂ ಒಂದು ನಂಬಿಕಿನ, ಬರ್ತದ ಅಂತ ನಂಬಿ ನಿಂದ್ರಬೇಕು. ಹೋಗಿ ನೋಡ್ತೀವಿ, ಗುಡಿ ಸಣ್ಣದು, ಅಂಗಡಿ ಸಾಲು ದೊಡ್ಡದು. ಮಂಡಾಳ ವಗ್ಗರಣಿ, ಮಿರ್ಚಿ, ಜಿಲೇಬಿ, ಕಬ್ಬಿನ ಹಾಲು. ಎಣ್ಣಿ ಬಾಂಡ್ಲಿ ದಾಟದ ದೇವರ ಹಂತೇಕ ಹೋಗಾಕ ದಾರೀನ ಇರಲಿಲ್ಲ. ಆ ವಾಸನಿ ನಡುವ ನಿಮ್ಮಜ್ಜಿ ಸೆರಗು ಮೂಗಿಗೆ ಹಿಡಕೊಂಡು ನಡದ್ಲು. ಒಳಗ ಪೂಜಿ, ಹಾಡು, ಮತ್ತ ಹಾಡು, ಮ್ಯಾಲೊಂದು ಭಾಷಣ. ಕಡೀಗೆ ಮಂದಿ ಸಾಲಾಗಿ ನಿಂತ್ರು, ಈಕೀನೂ ನಿಂತ್ಲು, ಹಣಿಮ್ಯಾಲ ಮೂರು ಬೆರಳ ವಿಭೂತಿ ಹಚ್ಕೊಂಡು. ಫಾದರು ಮಂಗಳೂರ ಕಡ್ಯಾವ್ರು, ಪುಸ್ತಕದಂಗ ಮಾತು. ಪರಮಪ್ರಸಾದದ ಬಿಳಿ ಬಿಲ್ಲಿ ಎತ್ತಿದ ಕೈ ಹಂಗ ನಿಂತು, "ಅಮ್ಮಾ, ನಿಮಗೆ ದೀಕ್ಷಾಸ್ನಾನ ಆಗಿದೆಯೇ?" ಅಂದ್ರು.

"ಆಗ್ಯದರಿ ಯಪ್ಪಾ. ದೀಕ್ಷಾ ನಾ ಸಣ್ಣಾಕಿ ಇದ್ದಾಗ ಮಠದ ಅಯ್ಯನವರು ಮಾಡ್ಯಾರ. ಸ್ನಾನ ಮುಂಜಾನಿ ಮಾಡೀನಿ, ತಲಿಮ್ಯಾಲ ಹಾಕ್ಕೊಂಡೀನ್ರಿ." ಅಂದಾಕಿ ಕೊಳ್ಳಾಗಿನ ಲಿಂಗದ ಕರಡಗಿ ತಗದು ತೋರಿಸಿದ್ಲು, ಇನ್ನೇನು ಸಾಕ್ಷಿ ಬೇಕು ಅನ್ನಂಗ.

"ಕ್ಷಮಿಸಿ ಅಮ್ಮಾ, ಆ ದೀಕ್ಷೆ ಅಲ್ಲ, ಕ್ರೈಸ್ತರಾಗುವಾಗ ಕೊಡುವ ದೀಕ್ಷೆ."

"ದೀಕ್ಷಾದಾಗ ಎಷ್ಟು ತರ ಅದಾವ್ರೀ?"

ಪಾಪ, ಅವರು ತಲಿಮ್ಯಾಲ ಕೈಯಿಟ್ಟು ಆಶೀರ್ವಾದ ಮಾಡಿ ಕಳಿಸಿದ್ರು. ಹೊರಗ ಬಂದು ನಿಮ್ಮಜ್ಜಿ, "ತಲಿಗೆ ಕೊಟ್ರು, ಬಾಯಿಗೆ ಕೊಡಲಿಲ್ಲ" ಅಂದು ಮಿರ್ಚಿ ಅಂಗಡಿ ನೆಳ್ಳಾಗ ಕುಂತುಬಿಟ್ಲು. ತುಟಿ ಒಣಗಿ ಬೆಳ್ಳಗ ಆಗಿದ್ವು, ಬೆವರು ಸುದ್ದಾ ನಿಂತಿತ್ತು. ಮೂರನೇದೂ ಹೋಗ್ತದೇನೋ ಅಂತ ನನಗ ಹೆದರಿಕಿ, ಆದ್ರ ಬಾಯಾಗ ಬಂದಿದ್ದು ತತ್ವಶಾಸ್ತ್ರ. "ಹರಕಿ ಹೊತ್ತಾಕಿನೂ ನೀನ, ಬಿಡಾಕಿನೂ ನೀನ. ಇದು ಬರೇ ಮನಸಿನ ಕಲ್ಪನಾ" ಅಂದೆ. ಆಕಿ ನನ್ನ ನೋಡಲಾರದ, "ಎರಡು ಸಲ ನಿಮ್ಮ ಮಾತು ಕೇಳಿ ಹರಕಿ ಹೊರಲಾರದ ಸುಮ್ಕಿದ್ದೆ" ಅಂದ್ಲು. ನಾನು ಧಾರವಾಡದ ಮತ್ತೊಂದು ಪಾಠ ಸುರು ಮಾಡಿದೆ. ಅಂಗಡಿ ಬೀಬಿ ಮಿರ್ಚಿ ಕರಿಯೋ ಝಾರಿ ಎತ್ತಿ ನನಗ ಬೈದ್ಲು: "ಕ್ಯಾ ಸಾಬ್, ಬಸುರಿ ಹೆಣ್ಮಗಳ ಮುಂದ ಲೆಕ್ಚರ್ ಹೊಡೀತೀರಲ್ಲ, ಶರಮ್ ಇಲ್ಲೇನ್? ಪಹಲೇ ಪಾನೀ ಪಿಲಾವ್!" ಮೊದಲು ನೀರು ಕುಡಸ್ರಿ ಅಂದಾಕಿ ತಾನ ನೀರು ತಂದ್ಲು. ಈಕಿ ಮುಖ ತಿರುವಿದ್ಲು.

ಅಷ್ಟರಾಗ ಪೂಜಿ ಮುಗಿಸಿ ಫಾದರು ಬಂದ್ರು. ಪೂಜಿ ಆಗೋತನಕ ಅವರಿಗೂ ಉಪವಾಸ, ನಡಿಗ್ಯಾಗ ಗೊತ್ತಾಗ್ತಿತ್ತು. ಬೀಬಿ ಕೇಳಲಾರದನ ಮಂಡಾಳ ವಗ್ಗರಣಿ ತಾಟು ಕೈಗಿಟ್ಲು. ಅವರು ಕಣ್ಣು ಮುಚ್ಚಿ, ತಾಟಿನ ಮ್ಯಾಲ ಶಿಲುಬಿ ಗುರುತು ಮಾಡಿ, ಏನೋ ಗೊಣಗಿದ್ರು. ನಿಮ್ಮಜ್ಜಿ ಎದ್ದು ನಿಂತ್ಲು.

"ಯಪ್ಪಾ, ಈಗ ಮಾಡಿದ್ದು ಏನ್ರೀ?"

"ಊಟದ ಮುಂಚಿನ ಪ್ರಾರ್ಥನೆ ಅಮ್ಮಾ."

"ಅಂದ್ರ ಗುರುವಿನ ಕೈ ಮುಟ್ಯದ, ದೇವರ ಹೆಸರು ಬಿದ್ದದ. ನಮ್ಮಲ್ಲಿ ಇದಕ್ಕ ಪ್ರಸಾದ ಅಂತಾರ್ರಿ. ಇದಕ್ಕೂ ನಿಮ್ಮ ದೀಕ್ಷಾ ಬೇಕೇನ್ರೀ?"

ಫಾದರು ಸಹಾಯಕ್ಕ ನನ್ನ ಮುಖ ನೋಡಿದ್ರು. ನಾನು ನೆಲ್ಲಿನ ಗದ್ದಿ ನೋಡ್ಕೋತ ನಿಂತೆ. ಅವರು ಆಕಿ ತುಟಿ ನೋಡಿದ್ರು, ಹೊಟ್ಟಿ ನೋಡಿದ್ರು. "ಬೇಡ ಅಮ್ಮಾ, ಇದಕ್ಕೆ ಏನೂ ಬೇಡ" ಅಂದು ತಾಟು ಮುಂದ ಹಿಡದ್ರು.

ಆಕಿ ಒಂದು ಚಿಟಿಕಿ ತಗೊಂಡು ಕಣ್ಣಿಗೊತ್ತಿ ಬಾಯಾಗ ಹಾಕ್ಕೊಂಡ್ಲು. ಆಮ್ಯಾಲ ಒಂದು ಹಿಡಿ. ಆಮ್ಯಾಲ ತಾಟೇ ಕಸಗೊಂಡು ಕುಂತ್ಲು, ಬೀಬಿ ಚಂಬು ಚಂಬು ನೀರು ಹಾಕಿದ್ಲು. ಫಾದರು ಇನ್ನೊಂದು ತಾಟು ಹೇಳಿದ್ರು. ಅದು ಬಂತು. ಶಿಲುಬಿ ಗುರುತು ಮಾಡಾಕ ಕೈಯೆತ್ತಿದವರು ನಿಮ್ಮಜ್ಜಿ ಮುಖ ನೋಡಿ, ಮೊದಲು ಅರ್ಧ ತಿಂದು, ಪ್ರಾರ್ಥನೆ ಆಮ್ಯಾಲ ಮಾಡಿದ್ರು.

ಮುಂದ ನಿಮ್ಮಪ್ಪ ಹುಟ್ಟಿದ, ತೂಕಾನೂ ಛಲೋ ಇತ್ತು. ಯಾವ ದೇವರು ಮಾಡಿದ್ದು ಅಂತ ಅತ್ತಿ ಸೊಸಿ ಕಡೀತನಕ ಜಗಳಾಡಿದ್ರು, ನಾ ನಡುವ ಬೀಳಲಿಲ್ಲ. ನೀವೂ ನೆನಪಿಡ್ರಿ, ಹಸದಾಕಿ ಮುಂದ ವಾದ ಇಡಬ್ಯಾಡ್ರಿ, ತಾಟು ಇಡ್ರಿ. ಏಳ್ರಿ ಇನ್ನ, ಕೈ ತೊಳಕೋರಿ.