ಮನೆಗಾಡಿಗೆ ಕೈ ಬಡಿದವ

ನಮ್ಮ ಓಣಿ ಮುಗಿಯುವಲ್ಲಿ ಒಂದು ಹಾಳುಬಾವಿ ಇದೆ. ಕಟ್ಟೆ ಕುಸಿದು ಎಷ್ಟೋ ಕಾಲವಾಯಿತು. ಕತ್ತಲಾದ ಮೇಲೆ ಅದರ ಬಾಜು ಹಾಯುವಾಗ ನಾವೆಲ್ಲ ಶಿವನಾಮ ಹೇಳಿಕೊಂಡು, ದನಿ ಇಳಿಸಿ ನಡೆಯುತ್ತೇವೆ. ಬಾಜೂ ಮನೆಯ ಸೂರ್ಯಕಾಂತ ಮಾತ್ರ ಅಲ್ಲಿಗೆ ಬಂದಾಗಲೇ ಕ್ಯಾಕರಿಸಿ ಉಗುಳುತ್ತಿದ್ದ. ಒಳ್ಳೆಯ ಮಿಸ್ತ್ರಿ. ಕೈಯಲ್ಲಿ ಗುಣ ಕೊಟ್ಟ ಶಿವ ನಾಲಿಗೆಗೆ ಕೊಡುವುದನ್ನು ಮರೆತಿದ್ದ, ಅಷ್ಟೇ.

ಅವತ್ತು ಅವನೂ ಹೆಂಡತಿ ಮೀನಾನೂ ಹುಮನಾಬಾದಿನಿಂದ ಕಡೇ ಬಸ್ಸಿಗೆ ಬಂದಿಳಿದು ನಡೆಯುತ್ತಿದ್ದರು.

"ಅದೂ ಬ್ಯಾಡಾಯ್ತೇನ್ರಿ?" ಮೀನಾ ಪಿಸುಗುಟ್ಟಿದಳು.

"ಅದು ಗಾಡಿ ಏನ? ಪುಟ್ಟಿ ಹಚ್ಚಿದ ಹೆಣ."

"ಸಣ್ಣಗ ಮಾತಾಡ್ರಿ... ಬಾವಿ ಬಂತು."

"ಬರ್ಲಿ. ಅದಕ್ಕೇನು ಕಿವಿ ಅದಾವ?" ಥೂ... ಎಂದು ಬಾವಿಯೊಳಕ್ಕೇ ಉಗುಳಿದ.

ಮೀನಾ ಸೆರಗಿನೊಳಗೆ ಕೈ ಮುಗಿದಳು. ಅವನ ಪರವಾಗಿಯೂ.

ಅವರು ಹುಡುಕುತ್ತಿದ್ದದ್ದು ಮನೆಗಾಡಿ. ಅಂದರೆ, ಒಳಗೆ ಹಾಸಿಗೆ, ಒಲೆ, ನೀರಿನ ಟಾಕಿ ಇರುವ ಉದ್ದನೆ ವ್ಯಾನು. ಸೂರ್ಯಕಾಂತನ ಕೆಲಸ ಕಬ್ಬು ಕಡಿಯುವ ಯಂತ್ರಗಳ ರಿಪೇರಿ. ಹಂಗಾಮು ಶುರುವಾದರೆ ಹಳ್ಳಿಖೇಡದಿಂದ ಹಿಡಿದು ಗಡಿಯಾಚೆಯವರೆಗೂ, ಯಂತ್ರ ಎಲ್ಲಿ ಕೆಟ್ಟಿತೋ ಅಲ್ಲಿ ಅವನ ವಾಸ. ಹೋದ ಹಂಗಾಮಿನಲ್ಲಿ ಮೀನಾಳ ಹೊಟ್ಟೆಯ ಕೂಸು ಹೋದಾಗ ಅವ ಯಾವುದೋ ಹೊಲದಲ್ಲಿ ಯಂತ್ರದ ಕೆಳಗೆ ಮಲಗಿದ್ದ. ಫೋನು ಹತ್ತಲಿಲ್ಲ. ಅವಳು ಅಳಲಿಲ್ಲ, ಬೈಯಲಿಲ್ಲ. "ಈ ಸಲ ನಾನೂ ಬರ್ತೀನಿ. ಇಲ್ಲಾಂದ್ರ ನೀವೂ ಹೋಗಬ್ಯಾಡ್ರಿ" ಎಂದಳು. ಹೊಸದು ಕೊಳ್ಳುವ ಶಕ್ತಿ ಇಲ್ಲ. ಹಳೆಯದರಲ್ಲೇ ನಂಬಿಕೆಯದು ಸಿಗಬೇಕು. ಹಂಗಾಮು ಬಾಗಿಲಿಗೆ ಬಂದಿತ್ತು.

ಮರುದಿನ ಮತ್ತೆ ಹುಮನಾಬಾದು. ಹೈವೇ ಬಾಜು ಹಳೇ ಗಾಡಿ ಮಾರುವ ಮಹಾರುದ್ರಪ್ಪನ ಅಂಗಳ. ಹಣೆತುಂಬ ವಿಭೂತಿ. ಅಂಥ ಹಣೆಯ ಮೇಲೆ ಕೂತು ವಿಭೂತಿ ಎಷ್ಟು ಸಂಕಟಪಡುತ್ತದೋ! ಅವನು ತೋರಿಸಿದ ಬಿಳಿ ವ್ಯಾನಿನ ಮುಂದಿನ ಗಾಜಿಗೆ ವೀರಭದ್ರ, ಬಾಜೂಕ್ಕೆ ಮುಸಲ್ಮಾನರ ಏಳುನೂರಾ ಎಂಬತ್ತಾರು, ಹಿಂದೆ ಒಂದು ಶಿಲುಬೆ. ಯಾವ ಗಿರಾಕಿ ಬಂದರೂ ಒಬ್ಬ ದೇವರು ತಯಾರು. ದೇವರನ್ನು ನಂಬದವರನ್ನು ದೇವರೇ ಸಹಿಸಿಕೊಳ್ಳುತ್ತಾನೆ. ಹೀಗೆ ಅಂಟಿಸಿ ಮಾರುವವರನ್ನು ಏನು ಮಾಡುತ್ತಾನೋ, ಅವನಿಗೇ ಗೊತ್ತು.

"ಎಲ್ಲಾ ದೇವರನ್ನೂ ಅಂಟಿಸೀಯಲ್ಲ ಕಾಕಾ, ಯಾವ ತೂತು ಮುಚ್ಚಾಕ?" ಎಂದ ಸೂರ್ಯಕಾಂತ.

"ಭಕ್ತಿ ತಮ್ಮಾ, ಭಕ್ತಿ!"

"ಮೊದಲ ಬಾನೆಟ್ ತೆಗಿ. ಭಕ್ತಿ ಆಮ್ಯಾಲ."

ಇಂಜಿನ್ ಮುಟ್ಟಿ ನೋಡಿ ನಕ್ಕ. "ಬಿಸಿ ಅದ. ನಾ ಬರೋದ್ಕಿಂತ ಮೊದಲ ಚಾಲೂ ಮಾಡಿಟ್ಟೀಯಲ್ಲ? ತಣ್ಣಗಿದ್ದಾಗ ಎಬ್ಬಿಸಿದ್ರ ಕೆಮ್ಮತದೇನು, ನಿನ್ನಂಗ?"

"ಏ, ಎಂಥಾ ಮಾತು ಆಡ್ತೀಯೋ..."

"ಚಾ ತರಿಸು. ತಣ್ಣಗಾಗೋತನಕ ಕೂಡ್ತೇನಿ."

ತಣ್ಣಗಾದ ಮೇಲೆ ಚಾವಿ ತಿರುವಿದ. ಒಂದೇ ಸಲಕ್ಕೆ ಎದ್ದಿತು. ಹೊಗೆಯೂ ಇಲ್ಲ. ಕೆಳಗೆ ನುಸುಳಿ ಪಾನಾ ಹಿಡಿದು ಚಾಸಿ ಬಡಿದ. ಟಣ್... ಟಣ್... ಎಲ್ಲೂ ತುಕ್ಕಿನ ಮೊದ್ದು ಸದ್ದಿಲ್ಲ. ಹಾಸಿಗೆಯ ಹಲಗೆ ಎತ್ತಿ ತಳದ ಪ್ಲೈಯನ್ನು ಒತ್ತಿದ. ಒಣಗಿತ್ತು. ಛತ್ತಿನ ಮೇಲೆ ಕೊಡಗಟ್ಟಲೆ ನೀರು ಸುರಿಸಿದ. ಒಳಗೆ ಹನಿ ಬೀಳಲಿಲ್ಲ. ಕಾಗದದಲ್ಲಿ ಒಳಗಿನ ಬದಲಾವಣೆಯೂ ಸರಿಯಾಗಿ ನಮೂದಾಗಿತ್ತು. ಬೈಯಲು ಏನೂ ಸಿಗದೆ ಸೂರ್ಯಕಾಂತನಿಗೆ ಸಿಟ್ಟೇ ಬಂತು.

"ಇದು ಯಾರ ಕಡೆ ಇತ್ತು?"

"ಬೋರವೆಲ್ ಹಾಕೋ ಮಂದಿ. ಹೊಸಾದು ತೊಗೊಂಡ್ರು, ಇದನ್ನ ಬಿಟ್ರು." ಹೇಳುವಾಗ ಮಹಾರುದ್ರಪ್ಪನ ಕಣ್ಣು ಹೈವೇಯ ಮೇಲಿತ್ತು.

"ಒಂದು ರಾತ್ರಿ ಇದರೊಳಗ ಮಲಗಿ ನೋಡ್ತೇವಿ. ಸರಿ ಅನಿಸಿದ್ರ ನಾಳೆ ಮುಂಗಡ ಬಯಾನಾ ಕೊಡ್ತೇನಿ."

"ಒಯ್ಯಿ ತಮ್ಮಾ. ದೇವರು ಅದಾನ."

"ಎಷ್ಟು ಮಂದಿ ಅದಾರ ಅಂತ ಕಾಣಾಕತ್ತದ" ಎಂದು ಸೂರ್ಯಕಾಂತ ಗೇರು ಹಾಕಿದ.

ಸಸ್ತಾಪುರ ಬಂಗ್ಲಾ ದಾಟುವಾಗಲೇ ಕತ್ತಲಾಗಿತ್ತು. ಮೀನಾ ಹಿಂದೆ ಹಾಸಿಗೆಯ ಮೇಲೆ ಅಡ್ಡಾಗಿದ್ದಳು, ಹಂಗಾಮಿನಲ್ಲಿ ಹೇಗಿರುತ್ತದೆ ನೋಡಬೇಕೆಂದು. ಓಣಿಗೆ ಬಂದರೆ ಕರೆಂಟಿಲ್ಲ. ಮನೆಯಂಗಳಕ್ಕೆ ಗಾಡಿಯನ್ನು ಹಿಂದುಹಿಂದಾಗಿ ತರಬೇಕು. ಎಡಕ್ಕೆ ಅಂಗಳ. ಬಲಕ್ಕೆ... ಬಾವಿ.

ರಿವರ್ಸ್ ಹಾಕಿದ. ಘರ್ರ್...

ಠಪ್-ಠಪ್.

ಗಾಡಿಯ ಹಿಂಭಾಗಕ್ಕೆ ಯಾರೋ ಅಂಗೈಯಿಂದ ಬಡಿದರು.

ನಮ್ಮ ಕಡೆ ಗಾಡಿ ಹೊಡೆಯುವವರು ಹಿಂದೆ ಬರುವಾಗ ಕನ್ನಡಿ ನೋಡುವುದಿಲ್ಲ. ಕೈ ಬಡಿತ ಕೇಳುತ್ತಾರೆ. ಜೋಡಿಯಾಗಿ ಬಡಿದರೆ ಬಾ. ಒಂದೇ ಒಂದು, ಜೋರಾಗಿ ಬಿದ್ದರೆ ನಿಲ್ಲು. ಕನ್ನಡಿ ನೋಡುವುದು ಹೊಸಬರ ಲಕ್ಷಣ ಎಂದು ಸೂರ್ಯಕಾಂತನೂ ನಗುತ್ತಿದ್ದ.

"ಓಣಿಯೊಳಗ ಕೆಲಸಿಲ್ದಾಂವ ಯಾವನೋ ಎದ್ದಾನ" ಎಂದುಕೊಂಡು ಕ್ಲಚ್ ಬಿಟ್ಟ.

ಠಪ್-ಠಪ್... ಬಂದ.

ಠಪ್-ಠಪ್... ಮತ್ತೆ ಬಂದ.

ಅಂಗಳ ಇಷ್ಟು ಉದ್ದ ಇಲ್ಲವಲ್ಲ ಎಂದು ಅವನಿಗೆ ಅನಿಸಿತು. ಅನಿಸಿದ್ದು ಖರೆ. ಆದರೂ ಕೈ ಕರೆಯುತ್ತಿತ್ತು, ಅವನು ಬರುತ್ತಿದ್ದ.

ಧಡ್.

ಗಾಡಿ ನಿಂತಿತು. ಎಕ್ಸಲರೇಟರ್ ಒತ್ತಿದ. ಇಂಜಿನ್ ಒದರಿತು, ಚಕ್ರ ಕದಲಲಿಲ್ಲ. ಬೈಯುತ್ತಾ ಇಂಜಿನ್ ಬಂದ್ ಮಾಡಿದ.

ಠಪ್-ಠಪ್...

"ಏ ಮಬ್ಬ! ಬಂದ್ ಮಾಡೇನಿ, ಕಾಣಂಗಿಲ್ಲೇನು?"

ಠಪ್-ಠಪ್...

ಮೊಬೈಲಿನ ಬೆಳಕು ಹಿಡಿದು ಇಳಿದ. ಹಿಂದೆ ಹೋದ. ಯಾರೂ ಇರಲಿಲ್ಲ. ಯಾರೂ ನಿಲ್ಲುವಂತೆಯೂ ಇರಲಿಲ್ಲ... ಗಾಡಿಯ ಹಿಂಭಾಗ ಬಾವಿಯ ಬಾಯಿಯ ಮೇಲೆ ಚಾಚಿತ್ತು. ಹಿಂದಿನ ಚಕ್ರಕ್ಕೂ ಬಾವಿಗೂ ನಡುವೆ ಗೇಣು ನೆಲ. ಆ ನೆಲದ ಮೇಲೆ, ಚಕ್ರಕ್ಕೆ ಒತ್ತಿಕೊಂಡು, ಒಂದು ಕಲ್ಲು. ಗಾಡಿ ಜಾರದಂತೆ ಕ್ಲೀನರುಗಳು ಇಡುತ್ತಾರಲ್ಲ, ಹಾಗೆ ಓರೆಯಾಗಿ, ನೀಟಾಗಿ ಇಟ್ಟ ಕಲ್ಲು.

ಸೂರ್ಯಕಾಂತನ ಬಾಯಿ ಒಣಗಿತು. ಉಗುಳಲಿಕ್ಕೂ ಏನೂ ಉಳಿದಿರಲಿಲ್ಲ.

ಠಪ್-ಠಪ್...

ಸದ್ದು ಈಗ ಗಾಡಿಯ ತಳದಿಂದ. ಆಮೇಲೆ ಇನ್ನೂ ಕೆಳಗಿನಿಂದ... ತಗಡಿನ ಸದ್ದಲ್ಲ ಅದು. ಹಸೀ ಅಂಗೈ ಕಲ್ಲಿಗೆ ಬಡಿಯುವ ಸದ್ದು. ಗುಂಯ್ ಎಂದು ಬಾವಿಯ ಗೋಡೆಗಳ ನಡುವೆ ಸುತ್ತಿ ಮೇಲೆ ಬರುತ್ತಿತ್ತು.

ಚಪ್-ಚಪ್... ಚಪ್-ಚಪ್...

"ಏನ್ರಿ..." ಒಳಗಿನಿಂದ ಮೀನಾ, ಪಿಸುಮಾತಿನಲ್ಲಿ. "ಅವರಿಗೆ ಹೇಳ್ರಿ."

"ಯಾರಿಗಿ?"

"ಆಗಿಂದ ಬಡಿಯಾಕತ್ತಾರಲ್ಲ, ಅವರಿಗಿ. ಗಾಡಿ ನಿಂತದ ಅಂತ ಯಾರೂ ಹೇಳಿಲ್ಲ ಅವರಿಗಿ."

ಅವಳು ಬಾಜೂ ಬಾಗಿಲಿನಿಂದ ಇಳಿದಳು. ಎದೆಯ ಮೇಲಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ತಗಡಿಗೆ ಒಂದೇ ಒಂದು ಸಲ, ಜೋರಾಗಿ ಬಡಿದಳು.

ಠಪ್!

"ಸಾಕ್ರಿ ಅಣ್ಣಾ" ಎಂದಳು ಕತ್ತಲಿಗೆ. "ಗಾಡಿ ನಿಂತದ. ನೀವು ಮಲಗ್ರಿ."

ಸದ್ದು ನಿಂತಿತು.

ಬೆಳಿಗ್ಗೆ ಮೀನಾಳನ್ನೂ ಕರೆದುಕೊಂಡು ಹೋಗಿ ಸೂರ್ಯಕಾಂತ ಗಾಡಿಯನ್ನು ಮಹಾರುದ್ರಪ್ಪನ ಅಂಗಳದಲ್ಲಿ ನಿಲ್ಲಿಸಿ, ಏನೂ ಬೈಯದೆ ಅವನ ಮುಂದೆ ನಿಂತ. ಅವನು ಬೈಯದಿದ್ದದ್ದು ನೋಡಿಯೇ ಮಹಾರುದ್ರಪ್ಪ ಬೆವರಿದ.

"ಗಡಿಯಾಚೆ ಒಂದು ಹೊಲದಾಗ ಆದದ್ದು, ತಮ್ಮಾ. ಬಂದೇನವಾಜ್ ಅಂತ ಕ್ಲೀನರ್, ಮೊಮ್ಮಕ್ಕಳ ಕಂಡಾಂವ. ಗಾಡಿಗಿ ಕೈ ಬಡಕೋತ ಹಿಂದಹಿಂದಕ್ಕ ನಡದ. ಬಾವಿ ಕಾಣಲಿಲ್ಲ. ಬಡಿಯೋದು ನಿಂತಮ್ಯಾಲ ಡ್ರೈವರ್ ಇಳಿದು ನೋಡಿ ಗಾಬರಿಯಾದ... ಗಾಡಿ ತೊಗೊಂಡು ಓಡಿದ."

"ಅಂವನ್ನ ಹಂಗ ಬಿಟ್ಟು?"

"ನೀರಿತ್ತು ತಮ್ಮಾ. ಮುಗದು ಹೋಗಿತ್ತು."

"ಮುಗದಿತ್ತು ಅಂತ ಯಾರು ಹೇಳಿದ್ರು ನಿಮಗ?" ಎಂದಳು ಮೀನಾ.

ಮಹಾರುದ್ರಪ್ಪ ಹಣೆ ಒರೆಸಿಕೊಂಡ. ವಿಭೂತಿ ಕೈಗೆ ಬಂತು. ಇಷ್ಟೆಲ್ಲ ಗೊತ್ತಿದ್ದೂ ಮೂರು ದೇವರನ್ನು ಅಂಟಿಸಿ ಮಾರಲು ನಿಂತ ಮನುಷ್ಯ! ನೀರಿನೊಳಗಿನವನ ಉಸಿರು ನಿಲ್ಲುವತನಕವೂ ಕಾಯದ ಆ ಡ್ರೈವರ್ ಒಬ್ಬ, ಇವನೊಬ್ಬ. ನಾಯಿಗಳಿಗೆ ಇವರನ್ನು ಹೋಲಿಸಿದರೆ ನಾಯಿಗಳು ನೊಂದುಕೊಂಡಾವು. ಶಿವ ಕರುಣಾಳು, ಇಂಥವರನ್ನೂ ತನ್ನ ಬಿಸಿಲಿನಲ್ಲಿ ನಿಲ್ಲಲು ಬಿಡುತ್ತಾನೆ.

"ಬ್ಯಾರೆ ಗಾಡಿ ತೋರಸ್ತೀನಿ..." ಎಂದ ಮಹಾರುದ್ರಪ್ಪ.

"ಇದನ್ನ ಕೊಡ್ರಿ" ಎಂದಳು ಮೀನಾ.

ಸೂರ್ಯಕಾಂತ ಅವಳ ತೋಳು ಹಿಡಿದ. "ಹುಚ್ಚಿದ್ದೀಯೇನು? ರಾತ್ರಿ ಬಾವಿಗಿ ಕರದಾನ ನಮ್ಮನ್ನ!"

"ಕರದ್ರು. ಕತ್ತಲಿ ಅವರಿಗೂ ಕಾಣಲಿಲ್ಲ. ಕಂಡಕೂಡಲೇ ಕಲ್ಲು ಇಟ್ರು." ಅವಳು ಶಿಲುಬೆಯ ಚೀಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿ, ಮತ್ತೆ ಹಗುರವಾಗಿ ಒತ್ತಿ ಕೂಡಿಸಿದಳು. "ಹೋದ ವರ್ಷ ನಾ ಕರದಾಗ ಒಬ್ಬರೂ ಬರಲಿಲ್ರಿ. ಇಂಥಾವರು ಜೋಡಿ ಇದ್ರ ನನಗ ಅಂಜಿಕಿ ಇಲ್ಲ."

ಸೂರ್ಯಕಾಂತ ಹಿಂದಿನ ಚಕ್ರವನ್ನು ಅಂಗೈಯಿಂದ ಸವರಿದ. ಆಮೇಲೆ ಬಯಾನಾ ಕೊಟ್ಟ.

ದರ್ಗಾದಲ್ಲಿ ಬಂದೇನವಾಜ್ ಹೆಸರಿಗೆ ಫಾತೇಹಾ ಓದಿಸಿ, ಗಾಡಿಗೆ ವಿಭೂತಿ ಹಚ್ಚಿ ಇಬ್ಬರೂ ಹೊರಟರು. ಈಗ ಹುಲಸೂರದ ಆಚೆ ಯಾವುದೋ ಕಬ್ಬಿನ ಹೊಲದ ಬದುವಿನ ಮೇಲೆ ಅವರ ಒಲೆ ಹೊಗೆಯಾಡುತ್ತಿರಬೇಕು. ಗಾಡಿ ಇದುವರೆಗೆ ಒಂದು ಸಲವೂ ಕೈ ಕೊಟ್ಟಿಲ್ಲವಂತೆ.

ನಗುವವರು ನಗಲಿ. ನಡೆದದ್ದು ನಡೆದದ್ದೇ, ದೇವರಾಣೆ. ಅವರು ಹೋದ ಮೇಲೆ ಓಣಿಯ ಮಂದಿಯೆಲ್ಲ ಹೋಗಿ ಬಾವಿಗೆ ಬಗ್ಗಿ ನೋಡಿದ್ದೇವೆ. ನೀರು ಬತ್ತಿ ವರ್ಷಗಳಾಗಿವೆ, ತಳದಲ್ಲಿ ಪ್ಲಾಸ್ಟಿಕ್ ಚೀಲ, ಒಣ ಮುಳ್ಳು, ಅಷ್ಟೇ. ಚಕ್ರಕ್ಕೆ ಇಟ್ಟಿದ್ದ ಕಲ್ಲು ಮಾತ್ರ ಅಲ್ಲೇ ಅಂಚಿನ ಮೇಲಿತ್ತು. ಮುಟ್ಟಿದರೆ ತಣ್ಣಗೆ, ಒದ್ದೆ. ಮೈತುಂಬ ಹಸಿರು ಪಾಚಿ.